ಬೀಜದಿಂದ ಬಣ್ಣದೆಲೆ: ಮನೆಯಲ್ಲೇ ಕೋಲಿಯಸ್ ಬೆಳೆಸುವ ಬಗೆ



ಊರಿನಲ್ಲಿ ಮನೆ ಮುಂದೆ ಬಣ್ಣದ ಎಲೆಯ ಗಿಡ ಯಾವುದಿದ್ದರೂ ಅದಕ್ಕೆ ನಾವು ಇಟ್ಟ ಹೆಸರು ಒಂದೇ, "ಕ್ರೋಟನ್". ಕೆಂಪಿದ್ದರೂ ಕ್ರೋಟನ್, ಹಳದಿ ಚುಕ್ಕೆಯಿದ್ದರೂ ಕ್ರೋಟನ್. ಶಾಲೆಯ ಗೇಟಿನ ಪಕ್ಕ, ಬ್ಯಾಂಕಿನ ಮುಂದೆ, ಮದುವೆ ಛತ್ರದ ಮೆಟ್ಟಿಲ ಮೇಲೆ, ಎಲ್ಲೆಲ್ಲೂ ಅದೇ. ಅಮೆರಿಕಕ್ಕೆ ಬಂದ ಮೇಲೆ, ಚಿಕಾಗೋ ಹೊರವಲಯದ ನಮ್ಮ ಮನೆಯ ಹಿಂದಿನ ಡೆಕ್ ಮೇಲೆ ಅಂಥದ್ದೇ ನಾಲ್ಕು ಕುಂಡ ಇಡೋಣ ಎಂದು ನರ್ಸರಿಗೆ ಹೋದೆವು. ಅಲ್ಲಿದ್ದ ಬಣ್ಣಬಣ್ಣದ ಗಿಡಗಳಲ್ಲಿ ಹೆಚ್ಚಿನವು ಕ್ರೋಟನ್ ಅಲ್ಲ, ಕೋಲಿಯಸ್ ಎಂದು ಗೊತ್ತಾಯಿತು. ಬೆಲೆ ನೋಡಿ ಸುಮ್ಮನೆ ಹಿಂತಿರುಗಿ ಬಂದೆವು ಎನ್ನುವುದೂ ನಿಜ. ಒಂದು ಪೊಟ್ಟಣ ಬೀಜದ ದುಡ್ಡಿನಲ್ಲಿ ಒಂದು ಗಿಡವೂ ಬರುವುದಿಲ್ಲ!

ಹಾಗಾಗಿ ಬೀಜ ಹಾಕಲು ಶುರು ಮಾಡಿದೆವು. ಮೊದಲ ವರ್ಷ ಪೂರ್ತಿ ನೆಲ ಕಚ್ಚಿತು. ಈಗ ಕೈ ಸ್ವಲ್ಪ ಪಳಗಿದೆ. ಬಿತ್ತನೆಯ ಕಾಲಕ್ಕೆ ನಮ್ಮ ಕೂಟದ ಹಲವರು ಫೋನ್ ಮಾಡಿ ಕೇಳುತ್ತಿರುವುದರಿಂದ, ನಮಗೆ ತಿಳಿದಷ್ಟನ್ನು ಒಂದೇ ಕಡೆ ಬರೆದಿಡುತ್ತಿದ್ದೇವೆ.

ಈ ಗಿಡ ಯಾರು?

ಕೋಲಿಯಸ್ ನಮಗೆ ಪರಕೀಯವೇನಲ್ಲ. ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ, ತುಳಸಿಯ ಹಾಗೆ ನಾಲ್ಕು ಮೂಲೆ ಸಿಗುತ್ತದೆ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ತುಳಸಿ, ಪುದೀನ, ಕಾಮಕಸ್ತೂರಿ ಇವೆಲ್ಲ ಇರುವ ಕುಟುಂಬವೇ ಇದರದ್ದೂ. 1763ರಲ್ಲಿ ಲಿನ್ನೇಯಸ್ ಇದಕ್ಕೆ ಹೆಸರಿಟ್ಟಾಗ ತುಳಸಿಯ ಕುಲಕ್ಕೇ, ಅಂದರೆ ಓಸಿಮಮ್ ಕುಲಕ್ಕೇ ಸೇರಿಸಿದ್ದರು. ಆಮೇಲೆ ಕೋಲಿಯಸ್ ಆಯಿತು, ನಡುವೆ ಕೆಲವು ದಶಕ ಸೊಲೆನೊಸ್ಟೆಮನ್, ಪ್ಲೆಕ್ಟ್ರಾಂಥಸ್ ಎಂದೆಲ್ಲ ಹೆಸರು ಬದಲಾಗಿ, 2019ರ ಪರಿಷ್ಕರಣೆಯಲ್ಲಿ ಮತ್ತೆ ಕೋಲಿಯಸ್ ಆಗಿದೆ. ನಮ್ಮ ಸಾಫ್ಟ್‌ವೇರ್ ಉತ್ಪನ್ನಗಳಿಗೆ ಮಾರ್ಕೆಟಿಂಗ್‌ನವರು ಹೆಸರು ಬದಲಿಸುವ ಹಾಗೆಯೇ! ಹಳೆಯ ಪುಸ್ತಕದಲ್ಲಿ ಬೇರೆ ಹೆಸರು ಕಂಡರೆ ಗಾಬರಿಯಾಗಬೇಡಿ.

ಇದರ ಸ್ವಂತ ಊರು ಆಗ್ನೇಯ ಏಷ್ಯಾದಿಂದ ಆಸ್ಟ್ರೇಲಿಯಾದವರೆಗಿನ ಬೆಚ್ಚಗಿನ ಪ್ರದೇಶ. 19ನೇ ಶತಮಾನದ ನಡುವಿನಲ್ಲಿ ಜಾವಾದಿಂದ ಯೂರೋಪಿಗೆ ಹೋಗಿ, ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ತೋಟಗಳಲ್ಲಿ ದೊಡ್ಡ ಹುಚ್ಚನ್ನೇ ಹಿಡಿಸಿತಂತೆ. ನಮ್ಮ ಅಡುಗೆಮನೆಯ ದೊಡ್ಡಪತ್ರೆ ಇದೆಯಲ್ಲ, ಅದೂ ಕೋಲಿಯಸ್ ಕುಲದ್ದೇ. ಕರಾವಳಿಯ ಸಾಂಬ್ರಾಣಿ ಗೆಡ್ಡೆಯೂ ಇದೇ ಕುಲ. ಹಾಗೆಂದು ಈ ಬಣ್ಣದ ಕೋಲಿಯಸ್‌ನ ತಂಬುಳಿ ಮಾಡಲು ಹೋಗಬೇಡಿ, ಇದು ನೋಡುವುದಕ್ಕೆ ಮಾತ್ರ. ಮನೆಯಲ್ಲಿ ನಾಯಿ, ಬೆಕ್ಕು ಇದ್ದವರು ಕುಂಡವನ್ನು ಎತ್ತರದಲ್ಲಿಡಿ, ಎಲೆ ತಿಂದರೆ ಅವುಗಳಿಗೆ ವಾಂತಿ ಭೇದಿ ಆಗಬಹುದು.

ಇನ್ನು ನಿಜವಾದ ಕ್ರೋಟನ್ ಬೇರೆಯೇ ಗಿಡ, ಗಟ್ಟಿ ಎಲೆಯದು. ಅದನ್ನು ಬೀಜದಿಂದ ಬೆಳೆಸುವ ಗೋಜಿಗೆ ಯಾರೂ ಹೋಗುವುದಿಲ್ಲ, ತುಂಡಿನಿಂದ ಅಥವಾ ಗೂಟಿ ಕಟ್ಟಿ ಬೆಳೆಸುತ್ತಾರೆ.

ಬೀಜ ಆರಿಸುವಾಗ

ಅಂಗಡಿಯಲ್ಲಿ ಎರಡು ಬಗೆಯ ಪೊಟ್ಟಣ ಸಿಗುತ್ತದೆ. ಒಂದು, "ರೇನ್‌ಬೋ ಮಿಕ್ಸ್" ತರಹದ ಮಿಶ್ರಣ. ಇದರಲ್ಲಿ ಒಂದು ಸಸಿ ಇನ್ನೊಂದರಂತೆ ಇರುವುದಿಲ್ಲ, ಮಕ್ಕಳಿಗೆ ಇದೇ ಖುಷಿ. ಇನ್ನೊಂದು, ಒಂದೇ ಬಣ್ಣಕ್ಕೆ ಸಾಕಷ್ಟು ನಿಷ್ಠವಾಗಿ ಬರುವ ತಳಿಗಳು. "ವಿಜಾರ್ಡ್" ಸಾಲಿನವು ಒಂದಡಿ ಎತ್ತರಕ್ಕೆ ನಿಂತು ತಾವಾಗಿ ಕವಲೊಡೆಯುತ್ತವೆ, ಮೊದಲ ಸಲ ಮಾಡುವವರಿಗೆ ನಮ್ಮ ಸಲಹೆ ಇದೇ. "ಬ್ಲ್ಯಾಕ್ ಡ್ರ್ಯಾಗನ್" ಎಲೆಯ ಅಂಚು ಕಪ್ಪು ನೇರಳೆ, ಸುಕ್ಕುಸುಕ್ಕಾಗಿ ಬಹಳ ಚೆಂದ. "ಕಾಂಗ್" ಸಾಲಿನ ಎಲೆ ಅಂಗೈಗಿಂತ ದೊಡ್ಡದು, ಆದರೆ ಅದಕ್ಕೆ ನೆರಳೇ ಬೇಕು, ಗಾಳಿಗೆ ಬೇಗ ಹರಿಯುತ್ತದೆ.

ನರ್ಸರಿಯಲ್ಲಿ ಕಾಣುವ ಕೆಲವು ಅತಿ ಚೆಂದದ ತಳಿಗಳ ಬೀಜ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಅವನ್ನು ತುಂಡಿನಿಂದ ಮಾತ್ರ ಬೆಳೆಸುತ್ತಾರೆ, ಹಲವಕ್ಕೆ ಪೇಟೆಂಟ್ ಕೂಡ ಇದೆ. ಲೇಬಲ್ ಓದಿ.

ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಬೀಜ ತರಿಸಿಕೊಳ್ಳುವ ಯೋಚನೆ ಇದ್ದರೆ ಒಂದು ಮಾತು. ಅಮೆರಿಕಕ್ಕೆ ಬಿತ್ತನೆ ಬೀಜ ತರಲು ಫೈಟೋಸ್ಯಾನಿಟರಿ ಪ್ರಮಾಣಪತ್ರ ಬೇಕು, ಅಥವಾ ಸಣ್ಣ ಪ್ರಮಾಣದ ಬೀಜಕ್ಕೆ ಕೃಷಿ ಇಲಾಖೆಯಿಂದ ಮೊದಲೇ ಪರ್ಮಿಟ್ ಪಡೆದಿರಬೇಕು. ಫಾರಂನಲ್ಲಿ ತಿಳಿಸದೆ ತಂದರೆ ಬೀಜವೂ ಹೋಗುತ್ತದೆ, ದಂಡವೂ ಬೀಳಬಹುದು. ಅಪ್ಪ ಅಮ್ಮನನ್ನು ವಿಮಾನ ನಿಲ್ದಾಣದಲ್ಲಿ ಆ ಪೇಚಿಗೆ ಸಿಕ್ಕಿಸುವುದು ಬೇಡ, ಕೋಲಿಯಸ್ ಬೀಜ ಇಲ್ಲೇ ಧಾರಾಳವಾಗಿ ಸಿಗುತ್ತದೆ.

ಯಾವಾಗ ಬಿತ್ತಬೇಕು?

ನಿಮ್ಮ ಊರಿನಲ್ಲಿ ಕೊನೆಯ ಫ್ರಾಸ್ಟ್ ಬೀಳುವ ದಿನಕ್ಕಿಂತ 8ರಿಂದ 10 ವಾರ ಮೊದಲು ಮನೆಯೊಳಗೆ ಬಿತ್ತಬೇಕು. ನಾವು ಮಾರ್ಚ್ ಮಧ್ಯದಲ್ಲಿ ಬಿತ್ತಿ, ಮೇ ಕೊನೆಯ ಮೆಮೋರಿಯಲ್ ಡೇ ರಜೆಗೆ ಹೊರಗೆ ನೆಡುತ್ತೇವೆ. ಮೊದಮೊದಲು ಬಹಳ ನಿಧಾನ ಬೆಳೆಯುವ ಗಿಡವಾದ್ದರಿಂದ ಏಪ್ರಿಲ್ ಕೊನೆಯಲ್ಲಿ ಬಿತ್ತಿದರೆ ಬಣ್ಣ ತುಂಬುವಷ್ಟರಲ್ಲಿ ಬೇಸಿಗೆ ರಜೆಯೇ ಮುಗಿದಿರುತ್ತದೆ. ಇಂಗ್ಲೆಂಡ್, ಜರ್ಮನಿಯಲ್ಲಿರುವವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಗಲ್ಫಿನವರಿಗೆ ಅಕ್ಟೋಬರ್ ಒಳ್ಳೆಯದು, ಮೆಲ್ಬರ್ನ್ ಕಡೆಯವರು ಆಗಸ್ಟ್ ಸೆಪ್ಟೆಂಬರಿನಲ್ಲಿ ಶುರು ಮಾಡಬಹುದು. ಸಿಂಗಪುರದವರು ಅದೃಷ್ಟವಂತರು, ಅವರಿಗೆ ಕ್ಯಾಲೆಂಡರೇ ಬೇಡ.

ಬಿತ್ತುವ ಕ್ರಮ

ಬೀಜ ಗಸಗಸೆಯಷ್ಟೇ ಸಣ್ಣದು, ಒಂದು ಗ್ರಾಮಿಗೆ ಸುಮಾರು 3,500 ಬೀಜ. ಇಲ್ಲಿ ನೆನಪಿಡಬೇಕಾದ ಅತಿ ಮುಖ್ಯ ವಿಷಯ: ಕೋಲಿಯಸ್ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಮಣ್ಣು ಮುಚ್ಚಬಾರದು. ಹುರುಳಿ, ಹೆಸರುಕಾಳು ಹಾಕುವ ಹಾಗೆ ಬೆರಳಿನಿಂದ ಗುಳಿ ಮಾಡಿ ಒಳಗೆ ತಳ್ಳಿದರೆ ಕಥೆ ಮುಗಿಯಿತು. ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರೆ ಸಾಕು. ಒಣ ಮರಳಿನ ಜೊತೆ ಬೀಜ ಕಲಸಿ, ರಂಗೋಲಿ ಪುಡಿ ಬಿಡುವ ಹಾಗೆ ಎರಡು ಬೆರಳಿನಿಂದ ಎಳೆ ಎಳೆದರೆ ಒಂದೇ ಕಡೆ ಗುಡ್ಡೆಯಾಗುವುದಿಲ್ಲ. ನಮ್ಮ ಮನೆಯಲ್ಲಿ ಈ ಕೆಲಸ ಆರು ವರ್ಷದ ಮಗಳದು. ಅವಳಿಗೆ ರಂಗೋಲಿ ಪಾಠವೂ ಆಯಿತು.

ಮಣ್ಣು ಹೇಗಿರಬೇಕು? ಹಿತ್ತಲ ಮಣ್ಣು ಬೇಡ. ಬೀಜ ಮೊಳೆಸಲೆಂದೇ ಮಾರುವ ಹಗುರ ಮಿಶ್ರಣ ತನ್ನಿ, ಇಲ್ಲವೇ ತೆಂಗಿನ ನಾರಿನ ಪುಡಿಗೆ ಪರ್ಲೈಟ್ ಸೇರಿಸಿ. ಹಿಂಡಿದರೆ ಒಂದೆರಡು ಹನಿ ಉದುರುವಷ್ಟು ಒದ್ದೆ ಮಾಡಿ ಟ್ರೇಗೆ ತುಂಬಿ, ಆಮೇಲೆ ಬೀಜ ಹಾಕಿ. ಅಂಗಡಿಯಿಂದ ಸಲಾಡ್ ಬರುವ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಇದಕ್ಕೆ ಹೇಳಿ ಮಾಡಿಸಿದ್ದು, ತಳಕ್ಕೆ ಮಾತ್ರ ತೂತು ಮಾಡಿಕೊಳ್ಳಿ. ಬೀಜದ ಮೇಲೆ ನೀರು ಸುರಿಯಬೇಡಿ, ಎಲ್ಲ ಮೂಲೆಗೆ ತೇಲಿಹೋಗುತ್ತದೆ. ಸ್ಪ್ರೇ ಬಾಟಲಿಯಿಂದ ಮಂಜಿನಂತೆ ಸಿಂಪಡಿಸಿ.

ಮೊಳೆಯಲು 21ರಿಂದ 24 ಡಿಗ್ರಿ ಸೆಲ್ಸಿಯಸ್ ಬೇಕು (ಇಲ್ಲಿನ ಲೆಕ್ಕದಲ್ಲಿ 70ರಿಂದ 75 ಫ್ಯಾರನ್‌ಹೀಟ್). ಮಾರ್ಚಿನಲ್ಲಿ ನಮ್ಮ ಕಿಟಕಿಯ ಕಟ್ಟೆ ಅಷ್ಟು ಬೆಚ್ಚಗಿರುವುದಿಲ್ಲ, ಗಾಜಿನ ಪಕ್ಕ ರಾತ್ರಿ ಕೈಯಿಟ್ಟರೆ ತಿಳಿಯುತ್ತದೆ. ಗಿಡಕ್ಕೆಂದೇ ಬರುವ ಹೀಟ್ ಮ್ಯಾಟ್ ಕೊಂಡರೆ ಅನುಕೂಲ. ಇಲ್ಲವಾದರೆ ಫ್ರಿಜ್ಜಿನ ಮೇಲ್ಭಾಗ ಆಗುತ್ತದೆ, ಬೆಳಕು ಬೀಳುವ ಹಾಗೆ ಒಂದು ದೀಪ ಹಾಕಿಡಿ. ಬೀಜ ಹೊಸದಿದ್ದರೆ ಒಂದು ವಾರದಿಂದ ಎರಡು ವಾರದೊಳಗೆ ಹಸಿರು ಚುಕ್ಕೆ ಕಾಣುತ್ತದೆ. ಮೂರು ವಾರದವರೆಗೆ ಕಾಯಿರಿ, ಆಮೇಲೂ ಇಲ್ಲದಿದ್ದರೆ ಇನ್ನೊಂದು ಪೊಟ್ಟಣ.

ಸಸಿ ಸಾಯುವುದೇಕೆ?

2022ರಲ್ಲಿ ನಮ್ಮ ಮೊದಲ ಟ್ರೇಯಲ್ಲಿ ಅರವತ್ತಕ್ಕೂ ಹೆಚ್ಚು ಮೊಳಕೆ ಬಂದಿದ್ದವು. ಶುಕ್ರವಾರ ರಾತ್ರಿ ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿ ಮೆರೆದೆವು. ಭಾನುವಾರ ಬೆಳಿಗ್ಗೆ ಒಂದು ಮೂಲೆಯ ಸಸಿಗಳು ಮಲಗಿದ್ದವು. ನೀರು ಸಾಲಲಿಲ್ಲವೇನೋ ಎಂದು ಇನ್ನಷ್ಟು ನೀರು ಹಾಕಿದೆವು. ಬುಧವಾರದ ಹೊತ್ತಿಗೆ ಟ್ರೇ ಖಾಲಿ!

ಮೂಲ ತಪ್ಪು ನಮ್ಮದೇ. ಮಣ್ಣಿನ ಮಟ್ಟದಲ್ಲಿ ಕಾಂಡ ದಾರದಂತೆ ಸೊರಗಿ ಸಸಿ ಬೀಳುವುದು ಬುಡ ಕೊಳೆ ರೋಗ. ಪಿಥಿಯಮ್, ರೈಜೊಕ್ಟೋನಿಯಾ ಎಂಬ ಸೂಕ್ಷ್ಮಜೀವಿಗಳಿಂದ ಬರುತ್ತದೆ, ಅತಿ ತೇವ ಮತ್ತು ಗಾಳಿಯಿಲ್ಲದ ಜಾಗ ಅವುಗಳಿಗೆ ಹಬ್ಬದೂಟ. ಬಿದ್ದ ಸಸಿ ಮತ್ತೆ ಏಳುವುದಿಲ್ಲ, ಹಾಗಾಗಿ ಬರದಂತೆ ನೋಡಿಕೊಳ್ಳುವುದೊಂದೇ ದಾರಿ. ಅರ್ಧದಷ್ಟು ಬೀಜ ಮೊಳೆತ ಕೂಡಲೇ ಮುಚ್ಚಳ ತೆಗೆಯಿರಿ. ಆಮೇಲೆ ನೀರನ್ನು ಮೇಲಿಂದ ಕೊಡದೆ, ಟ್ರೇಯನ್ನು ನೀರಿನ ತಟ್ಟೆಯಲ್ಲಿ ಹತ್ತು ನಿಮಿಷ ಇಟ್ಟು ಕೆಳಗಿನಿಂದ ಹೀರಿಕೊಳ್ಳಲು ಬಿಡಿ. ಮಣ್ಣಿನ ಮೇಲ್ಪದರ ಸ್ವಲ್ಪ ಒಣಗಿದ ಮೇಲಷ್ಟೇ ಮತ್ತೆ ನೀರು. ಸಣ್ಣ ಟೇಬಲ್ ಫ್ಯಾನೊಂದನ್ನು ದೂರದಲ್ಲಿಟ್ಟು, ಎಲೆ ಮೆಲ್ಲಗೆ ಅಲುಗುವಷ್ಟು ಗಾಳಿ ಬಿಡಿ. ಹಳೆಯ ಕುಂಡಗಳನ್ನು ಬ್ಲೀಚ್ ಬೆರೆಸಿದ ನೀರಿನಲ್ಲಿ ತೊಳೆದು ಬಳಸಿ. 2023ರಿಂದ ಈಚೆಗೆ ನಮ್ಮಲ್ಲಿ ಈ ರೋಗ ಕೈಬೆರಳೆಣಿಕೆಯಷ್ಟು ಸಸಿಗೆ ಮಾತ್ರ ಬಂದಿದೆ. ವ್ಯತ್ಯಾಸ ಮಾಡಿದ್ದು ಫ್ಯಾನ್ ಎಂದು ನಮ್ಮ ನಂಬಿಕೆ.

ಬೆಳಕು ಸಾಲದಿದ್ದರೆ ಸಸಿ ಉದ್ದುದ್ದ ಎಳೆದುಕೊಂಡು ಬಾಗುತ್ತದೆ. ಸಾಧಾರಣ ಎಲ್‌ಇಡಿ ಟ್ಯೂಬ್ ಲೈಟನ್ನು ಸಸಿಯ ಮೇಲೆ ಎರಡು ಮೂರು ಅಂಗುಲದಲ್ಲಿ ತೂಗುಹಾಕಿ, ದಿನಕ್ಕೆ 14ರಿಂದ 16 ಗಂಟೆ ಉರಿಸಿ. ಟೈಮರ್ ಹಾಕಿದರೆ ನಿಮ್ಮ ತಲೆನೋವು ಕಡಿಮೆ.

ಬಣ್ಣ ಬರುವ ಹೊತ್ತು

ಮೊದಲು ಬರುವ ಎರಡು ಎಲೆ ಬರಿಯ ಹಸಿರು. "ಇದೇನು, ಮೋಸ ಹೋದೆವಾ?" ಎನ್ನಿಸುತ್ತದೆ. ನಿಜವಾದ ಎಲೆಗಳ ಮೊದಲ ಜೋಡಿ ಬಂದಾಗ ಒಂದು ಕೆಂಪು ಗೆರೆಯೋ ಕಲೆಯೋ ಕಾಣುತ್ತದೆ, ಎರಡು ಮೂರನೆಯ ಜೋಡಿಯಲ್ಲಿ ಗಿಡದ ಗುಣ ತಿಳಿಯುತ್ತದೆ. ಕೆಂಪು, ನೇರಳೆ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ವರ್ಣದ್ರವ್ಯ, ಕೆಂಪು ಎಲೆಕೋಸಿನಲ್ಲಿ ಇರುವಂಥದ್ದೇ. ಹಸಿರು ಪತ್ರಹರಿತ್ತು ಕಡಿಮೆ ಇರುವ ಕಡೆ ಹಳದಿ ಅಥವಾ ಕೆನೆಬಣ್ಣ.

ಇಲ್ಲೊಂದು ಕಿವಿಮಾತು ಹೇಳಲೇಬೇಕು. ಮಿಶ್ರಣದ ಪೊಟ್ಟಣದಲ್ಲಿ ಎಲ್ಲಕ್ಕಿಂತ ಬೇಗ, ದಷ್ಟಪುಷ್ಟವಾಗಿ ಬೆಳೆಯುವ ಸಸಿಗಳಲ್ಲಿ ಹಸಿರು ಹೆಚ್ಚು. ಹೆಚ್ಚು ಬಣ್ಣ ಇರುವವು ಕುಳ್ಳಗೆ, ಸೊರಗಿದಂತೆ ಇರುತ್ತವೆ. ಕಾರಣ ಸರಳ, ಹಸಿರು ಕಡಿಮೆಯಾದರೆ ಊಟ ತಯಾರಿಸುವ ಶಕ್ತಿಯೂ ಕಡಿಮೆ. ಸಸಿ ಬಿಡಿಸುವಾಗ ದೊಡ್ಡವನ್ನು ಇಟ್ಟು ಸಣ್ಣವನ್ನು ಎಸೆಯುವುದು ಎಲ್ಲರ ಅಭ್ಯಾಸ. ಹಾಗೆ ಮಾಡಿದರೆ ಒಳ್ಳೆಯ ಬಣ್ಣಗಳನ್ನೇ ಎಸೆದಂತೆ!

ಎರಡು ಜೋಡಿ ಎಲೆ ಬಂದ ಮೇಲೆ ಒಂದೊಂದನ್ನೂ ಬೇರೆ ಕಪ್ಪಿಗೆ ಬದಲಿಸಿ. ಎಲೆ ಹಿಡಿದು ಎತ್ತಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಸಸಿಯೇ ಹೋಯಿತು. ಗೊಬ್ಬರ ಎಂದರೆ ಡಬ್ಬದ ಮೇಲೆ ಬರೆದಿರುವುದರ ಕಾಲು ಭಾಗದಷ್ಟು ದ್ರವ ಗೊಬ್ಬರ, ವಾರಕ್ಕೊಮ್ಮೆ, ಅಷ್ಟೇ.

ಸುಮಾರು ಆರು ಅಂಗುಲ ಬೆಳೆದಾಗ ಗಿಣ್ಣಿನ ಮೇಲೆ ಕುಡಿ ಚಿವುಟಿ. ಒಂದು ಕುಡಿ ಹೋದ ಕಡೆ ಎರಡು ಕವಲು ಬರುತ್ತವೆ. ಇದಕ್ಕೆ ನಮಗೆ ಮನಸ್ಸೇ ಬರುತ್ತಿರಲಿಲ್ಲ, ಅಷ್ಟು ಕಷ್ಟಪಟ್ಟು ಬೆಳೆಸಿದ್ದಲ್ಲವೇ? ಮುಂದೆ ನೀಲಿ ಹೂವಿನ ತೆನೆ ಕಂಡಾಗಲೂ ಚಿವುಟಿಬಿಡಿ. ತುಳಸಿಯ ಕದಿರಿನಂತೆಯೇ ಕಾಣುತ್ತದೆ, ಆದರೆ ಬೀಜ ಕಟ್ಟಿದ ಮೇಲೆ ಗಿಡ ಎಲೆಯ ಚೆಂದ ಕಳೆದುಕೊಳ್ಳುತ್ತದೆ.

ಹೊರಗೆ ಇಡುವಾಗ

ರಾತ್ರಿಯ ಉಷ್ಣಾಂಶ 13 ಡಿಗ್ರಿ ಸೆಲ್ಸಿಯಸ್ (55 ಫ್ಯಾರನ್‌ಹೀಟ್) ದಾಟುವವರೆಗೆ ಹೊರಗೆ ನೆಡಬೇಡಿ. 10 ಡಿಗ್ರಿಗಿಂತ ಕೆಳಗೆ ಹೋದರೆ ಫ್ರಾಸ್ಟ್ ಇಲ್ಲದೆಯೂ ಎಲೆ ಕಪ್ಪಾಗಿ ಜೋಲುತ್ತದೆ. ಮೊದಲು ಒಂದು ವಾರ, ಹತ್ತು ದಿನ, ಹಗಲಲ್ಲಿ ನೆರಳಿನಲ್ಲಿ ಒಂದೆರಡು ಗಂಟೆ ಇಟ್ಟು ಅಭ್ಯಾಸ ಮಾಡಿಸಿ. ಬೀಜದಿಂದ ಬಂದ ಹೆಚ್ಚಿನ ತಳಿಗಳಿಗೆ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಹಿತ. ಪೂರ್ವ ದಿಕ್ಕಿನ ಬಾಲ್ಕನಿ ಇರುವ ಅಪಾರ್ಟ್‌ಮೆಂಟಿನವರು ಪುಣ್ಯವಂತರು. ಎಲೆಯ ಬಣ್ಣ ಬಿಳಿಚಿದರೆ ಬಿಸಿಲು ಹೆಚ್ಚಾಯಿತು, ಮಂಕಾಗಿ ಹಸಿರಿಗೆ ತಿರುಗಿದರೆ ನೆರಳು ಹೆಚ್ಚಾಯಿತು ಎಂದು ತಿಳಿಯಿರಿ. ಕುಂಡದ ತಳದಲ್ಲಿ ನೀರು ನಿಲ್ಲಬಾರದು.

ಹಿಟ್ಟು ತಿಗಣೆ ಕಂಡರೆ ರಬ್ಬಿಂಗ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಇನ್ನೊಂದು, ಎಲೆ ತಿರುಚಿಕೊಂಡು ಉದುರಿ, ಅಡಿಭಾಗದಲ್ಲಿ ಬೂದುಬಣ್ಣದ ಬೂಜು ಕಂಡರೆ ಅದು ಬೂಜು ತುಪ್ಪಟ ರೋಗ. ಅಮೆರಿಕದ ಹಸಿರುಮನೆಗಳಲ್ಲಿ ಇದು 2005ರಲ್ಲಿ ಮೊದಲು ಕಾಣಿಸಿಕೊಂಡಿತು. ಅಂಥ ಗಿಡವನ್ನು ಕೂಡಲೇ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ.

ಅಮ್ಮ ಆರಿಸಿದ ಗಿಡ

2023ರ ಏಪ್ರಿಲಿನಲ್ಲಿ ಸಾಗರದಿಂದ ಅಮ್ಮ ಬಂದರು. ಅಡುಗೆಮನೆಯ ಮೇಜಿನ ತುಂಬ ಟ್ರೇ, ಟ್ಯೂಬ್ ಲೈಟು, ಫ್ಯಾನು ನೋಡಿ ಅವರಿಗೆ ನಗು. "ಬೀಜ ಎಂತಕ್ಕೆ ಮಾರಾಯ? ಒಂದು ತುಂಡು ಮುರಿದು ಮಳೆಗಾಲದಲ್ಲಿ ಚುಚ್ಚಿದ್ರೆ ಬರ್ತದಲ್ಲ!" ಮಲೆನಾಡಿನಲ್ಲಿ ಹಾಗೆಯೇ. ನೆಂಟರ ಮನೆಗೆ ಹೋದವರು ಹೊರಡುವಾಗ ಡೇರೆ ಗೆಡ್ಡೆಯನ್ನೋ ಯಾವುದೋ ಗಿಡದ ತುಂಡನ್ನೋ ಬಾಳೆಎಲೆಯಲ್ಲಿ ಸುತ್ತಿಕೊಂಡು ಬರುವುದು ರೂಢಿ. ಆದರೂ ಮಾರನೆಯ ದಿನದಿಂದ ನೀರಿನ ತಟ್ಟೆ ಅವರ ಕೈಗೆ ಹೋಯಿತು. ನಾವು ಎಸೆಯಲೆಂದು ಬದಿಗಿಟ್ಟಿದ್ದ ಒಂದು ಕುಳ್ಳ ಸಸಿಯನ್ನು ಅವರು ಮೊಸರಿನ ಕಪ್ಪಿನಲ್ಲಿ ನೆಟ್ಟರು. ಜುಲೈ ಹೊತ್ತಿಗೆ ಅದು ಕುಂಕುಮದ ಬಣ್ಣಕ್ಕೆ ತಿರುಗಿತ್ತು, ಅಂಚಿನಲ್ಲಿ ಸಣ್ಣ ಹಳದಿ ಗೆರೆ, ನಡುವೆ ಅರಿಶಿನ ಚೆಲ್ಲಿದ ಹಾಗೆ ಚುಕ್ಕೆ. ಮೇಲಿನ ಕಿವಿಮಾತನ್ನು ನಾವು ಕಲಿತದ್ದು ಆ ಗಿಡದಿಂದಲೇ.

ಅಕ್ಟೋಬರ್ ಮೊದಲ ವಾರ ಅಮ್ಮ ವಾಪಸಾದರು. ಆ ತಿಂಗಳ ಕೊನೆಗೆ ಆಫೀಸಿನಲ್ಲಿ ರಿಲೀಸ್ ಗಲಾಟೆ. ಹವಾಮಾನ ನೋಡಲಿಲ್ಲ. ಒಂದು ಬೆಳಿಗ್ಗೆ ಡೆಕ್ ಮೇಲಿನ ಎಲ್ಲ ಕುಂಡಗಳೂ ಬೇಯಿಸಿದ ಪಾಲಕ್ ಹಾಗೆ ಕರಗಿ ಕೂತಿದ್ದವು. ಪೊಟ್ಟಣದಲ್ಲಿ ಇನ್ನೂ ಬೀಜ ಉಳಿದಿದೆಯಲ್ಲ, ಮುಂದಿನ ವರ್ಷ ಮತ್ತೆ ಅದೇ ಬರುತ್ತದೆ ಎಂದುಕೊಂಡೆವು. 2024ರಲ್ಲಿ ಅದೇ ಪೊಟ್ಟಣದಿಂದ ನಲವತ್ತು ಸಸಿ ಬೆಳೆಸಿದೆವು. ಚೆಂದದವು ಬಂದವು, ಅದು ಬರಲಿಲ್ಲ. ಬರುವುದೂ ಇಲ್ಲ. ಮಿಶ್ರಣದ ಪ್ರತಿ ಬೀಜವೂ ಬೇರೆ ಬೇರೆ ವಂಶವಾಹಿಗಳ ಬೆರಕೆ, ಆ ಗಿಡದ್ದೇ ಬೀಜ ಹಿಡಿದಿಟ್ಟಿದ್ದರೂ ಮಕ್ಕಳು ತಾಯಿಯಂತೆ ಇರುತ್ತಿರಲಿಲ್ಲ. ಅದನ್ನು ಉಳಿಸಿಕೊಳ್ಳಲು ಇದ್ದ ಒಂದೇ ದಾರಿ ಅಮ್ಮ ಬಂದ ದಿನವೇ ಹೇಳಿದ್ದು, ತುಂಡು. ವಿಡಿಯೋ ಕಾಲ್‌ನಲ್ಲಿ "ನನ್ನ ಗಿಡ ಹೆಂಗಿದೆ?" ಎಂದು ಕೇಳಿದಾಗ ಎರಡು ಸಲ ಮಾತು ಮರೆಸಿ, ಮೂರನೆಯ ಸಲ ಹೇಳಿದೆವು. "ಹೋಗ್ಲಿ ಬಿಡು, ನೀವು ಎಲ್ಲ ಬೆಚ್ಚಗಿದ್ದೀರಲ್ಲ" ಎಂದರು.

ದಿನವೂ ಕೋಡಿನ ಬ್ಯಾಕಪ್ ಇಡುವ ನಮಗೆ ಇದು ಹೊಳೆಯಲಿಲ್ಲ! ಆದ್ದರಿಂದ ಸೆಪ್ಟೆಂಬರ್ ಎರಡನೆಯ ವಾರ, ರಾತ್ರಿ ಇನ್ನೂ ಬೆಚ್ಚಗಿರುವಾಗಲೇ, ಇಷ್ಟವಾದ ಗಿಡದಿಂದ ನಾಲ್ಕು ಅಂಗುಲದ ಕುಡಿಯನ್ನು ಗಿಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು ಗಾಜಿನ ಲೋಟದ ನೀರಿನಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಒಂದೆರಡು ವಾರದಲ್ಲಿ ಬಿಳಿ ಬೇರು ಬರುತ್ತದೆ, ಒಂದು ಅಂಗುಲ ಆದ ಮೇಲೆ ಮಣ್ಣಿಗೆ ಹಾಕಿ. ಒಂದು ಗಿಡಕ್ಕೆ ಎರಡು ತುಂಡು, ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಹತ್ತಿರದ ಸ್ನೇಹಿತರ ಮನೆಯಲ್ಲಿ.

ಸೊಪ್ಪೇ ಅಲಂಕಾರ

ಬಿಸಿಲು ಜಾಸ್ತಿ ಇರುವ ಜಾಗಕ್ಕೆ ಕೋಲಿಯಸ್ ಬದಲು ಇನ್ನೊಂದು ಗಿಡವಿದೆ. ಇಲ್ಲಿನ ಬೀಜದ ಕ್ಯಾಟಲಾಗಿನಲ್ಲಿ "ಜೋಸೆಫ್ಸ್ ಕೋಟ್" ಎಂಬ ಹೆಸರಿನಲ್ಲಿ, ಕೆಂಪು, ಹಳದಿ, ಹಸಿರು ಪಂಜಿನಂತೆ ಕಾಣುವ ಗಿಡದ ಚಿತ್ರ ಇರುತ್ತದೆ. ಅದು ಬೇರೇನೂ ಅಲ್ಲ, ನಮ್ಮ ಹರಿವೆ ಸೊಪ್ಪಿನ ಜಾತಿ, ಅಮರಾಂಥಸ್ ಟ್ರೈಕಲರ್! ಊರಿನಲ್ಲಿ ಕಟ್ಟು ಕಟ್ಟಿ ಮಾರುವುದನ್ನು ಇಲ್ಲಿ ಹೂದೋಟದ ನಡುವೆ ನೆಡುತ್ತಾರೆ. ಮಣ್ಣು ಚೆನ್ನಾಗಿ ಬೆಚ್ಚಗಾದ ಮೇಲೆ, ಜೂನ್ ಹೊತ್ತಿಗೆ ನೇರವಾಗಿ ನೆಲಕ್ಕೇ ಬಿತ್ತಿ. ಇದಕ್ಕೆ ತೆಳುವಾಗಿ ಮಣ್ಣು ಮುಚ್ಚಬೇಕು. ಬೇರು ಅಲುಗುವುದು ಇದಕ್ಕೆ ಆಗಿಬರುವುದಿಲ್ಲ, ಹಾಗಾಗಿ ಸಸಿ ಕಿತ್ತು ನೆಡುವುದಕ್ಕಿಂತ ಬಿತ್ತುವುದೇ ಲೇಸು. ಒತ್ತಾಗಿ ಬಂದ ಎಳೆಯ ಸಸಿಗಳನ್ನು ಕಿತ್ತು ಹುಳಿಗೋ ಪಲ್ಯಕ್ಕೋ ಹಾಕಬಹುದು. ಆದರೆ ಅಲಂಕಾರಕ್ಕೆಂದು ಮಾರುವ ಕೆಲವು ಬೀಜಗಳಿಗೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ, ತಿನ್ನುವ ಉದ್ದೇಶವಿದ್ದರೆ ಹಾಗೆ ಹಚ್ಚಿರದ ಪೊಟ್ಟಣವನ್ನೇ ಕೊಳ್ಳಿ.

ಹಾಗೆಯೇ ಕೆಂಪು ಎಲೆಯ ಹರಳು ಗಿಡವನ್ನೂ ಇಲ್ಲಿ ಅಲಂಕಾರಕ್ಕೆ ಮಾರುತ್ತಾರೆ. ಊರಿನ ಹೊಲದ ಬದುವಿನ ನೆನಪಾಗುತ್ತದೆ ನಿಜ, ಆರೆಂಟು ಅಡಿ ಬೆಳೆದು ಭರ್ಜರಿಯಾಗಿಯೂ ಕಾಣುತ್ತದೆ. ಆದರೆ ಅದರ ಬೀಜದಲ್ಲಿ ರೈಸಿನ್ ಎಂಬ ಉಗ್ರ ವಿಷವಿದೆ, ಕೆಲವೇ ಬೀಜ ಅಗಿದು ನುಂಗಿದರೂ ಮಗುವಿನ ಪ್ರಾಣಕ್ಕೆ ಅಪಾಯ. ಬೀಜ ನೋಡಲು ಮಣಿಯಂತೆ ಚೆಂದವಿರುವುದೇ ತೊಂದರೆ. ಚಿಕ್ಕ ಮಕ್ಕಳಿರುವ ಮನೆಗೆ ಇದು ಬೇಡವೇ ಬೇಡ.

ಚಳಿಗಾಲದಲ್ಲಿ

ಮನೆಯೊಳಗಿನ ತುಂಡುಗಳಿಗೆ ದಕ್ಷಿಣದ ಕಿಟಕಿ ಒಳ್ಳೆಯದು. ಹೀಟರಿನ ಗಾಳಿ ನೇರ ಬೀಸುವ ಕಡೆ ಇಡಬೇಡಿ. ನೀರು ಕಡಿಮೆ, ಗೊಬ್ಬರ ಇಲ್ಲ. ಜನವರಿಯಲ್ಲಿ ಎಲೆ ಸಣ್ಣದಾಗಿ ಬಣ್ಣ ಮಸುಕಾಗುವುದು ಸಹಜ, ಸತ್ತಿತು ಎಂದು ಎಸೆಯಬೇಡಿ. ಫೆಬ್ರವರಿಯಲ್ಲಿ ಹಗಲು ಉದ್ದವಾದಂತೆ ಹೊಸ ಕುಡಿ ಬರುತ್ತದೆ. ಅದನ್ನೇ ಮತ್ತೆ ಕತ್ತರಿಸಿ ನೀರಿಗೆ ಹಾಕಿದರೆ ಮೇ ತಿಂಗಳಿಗೆ ಗಿಡ ಸಿದ್ಧ. ನಮ್ಮ ಕಿಟಕಿಯಲ್ಲಿ ಈಗ ಏಳು ಲೋಟಗಳಿವೆ. ಪ್ರತಿಯೊಂದರ ಮೇಲೂ ಮಗಳು ಟೇಪ್ ಅಂಟಿಸಿ ಕನ್ನಡದಲ್ಲಿ ಹೆಸರು ಬರೆದಿದ್ದಾಳೆ. "ಕುಂಕುಮ" ಎಂದು ಬರೆದ ಲೋಟದಲ್ಲಿರುವುದು ಅಮ್ಮನ ಗಿಡವಲ್ಲ, ಬಣ್ಣ ಹತ್ತಿರದ್ದು, ಹಳದಿ ಗೆರೆ ಇಲ್ಲ.